ತೋಪಿನಲ್ಲಿ ದನ ಮೇದರೆ ನೆಲಕ್ಕೆ ಏನಾಗುತ್ತದೆ?

ಜಮೀನಿನ ನಡುವೆ ಉಳಿದ ಕಾಡಿನ ತುಂಡಿನಲ್ಲಿ ದನ, ಕುರಿ ವರ್ಷಗಟ್ಟಲೆ ಮೇದರೂ ದೊಡ್ಡ ಮರಗಳು ಹಾಗೇ ನಿಂತಿರುತ್ತವೆ. ದೂರದಿಂದ ನೋಡಿದರೆ ಎಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ. ಅದಕ್ಕೇ ಈ ಪಾಠ ಓದುವಾಗ ತಲೆ ಎತ್ತಬೇಡಿ, ಬಗ್ಗಿ ನೆಲ ನೋಡಿ.

ಮೊದಲು ಗೊರಸು. ದನದ ಇಡೀ ತೂಕ ಬೀಳುವುದು ನಾಲ್ಕು ಸಣ್ಣ ಗೊರಸುಗಳ ಮೇಲೆ. ನಡೆಯುವಾಗ ಒಂದು ಕಾಲು ಮೇಲೆದ್ದರೆ ಉಳಿದವಕ್ಕೆ ಭಾರ ಇನ್ನೂ ಜಾಸ್ತಿ. ಆಗ ಮಣ್ಣಿನೊಳಗಿನ ದೊಡ್ಡ ರಂಧ್ರಗಳೇ ಮೊದಲು ಮುಚ್ಚುತ್ತವೆ. ಮಳೆನೀರು ಬೇಗ ಇಂಗುವುದು, ಬೇರಿಗೆ ಗಾಳಿ ಸಿಗುವುದು ಇವುಗಳಿಂದ. ಪೆಟ್ಟು ಹೆಚ್ಚಾಗಿ ಮೇಲಿನ 5–10 ಸೆಂ.ಮೀ. ಪದರಕ್ಕೆ. ಅಷ್ಟೇನಾ ಅನ್ನಬೇಡಿ, ಬೀಜ ಮೊಳೆಯುವುದು ಅಲ್ಲೇ ಅಲ್ವಾ? ಮಣ್ಣಿನ ಗಟ್ಟಿತನ ಸುಮಾರು 2 ಮೆಗಾಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ದಾಟಿದರೆ ಬಹಳಷ್ಟು ಗಿಡಗಳ ಬೇರು ಮುಂದೆ ನುಗ್ಗಲು ಒದ್ದಾಡುತ್ತದೆ. ಹಸಿ ಮಣ್ಣು ಒಣ ಮಣ್ಣಿಗಿಂತ ಬೇಗ ಅದುಮಿಹೋಗುತ್ತದೆ. ಹಾಗಾಗಿ ಎಷ್ಟು ದನ ಬಿಟ್ಟರು ಅನ್ನುವುದರ ಜೊತೆಗೆ ಯಾವಾಗ ಬಿಟ್ಟರು ಅಂತಲೂ ಕೇಳಲೇಬೇಕು.

ಇದನ್ನು ಕಣ್ಣಾರೆ ನೋಡಬಹುದು. ಎರಡೂ ಬದಿ ತೆಗೆದ ತಗಡಿನ ಡಬ್ಬವನ್ನು ದನ ಮೇದ ನೆಲದಲ್ಲಿ ಎರಡು ಇಂಚು ಇಳಿಸಿ. ಒಂದು ಲೋಟ ನೀರು ಹೊಯ್ದು ಗಡಿಯಾರ ನೋಡಿ. ಬೇಲಿಯಾಚೆ, ದನ ಹೋಗದ ಜಾಗದಲ್ಲೂ ಅದನ್ನೇ ಮಾಡಿ. ಬೇಲಿಯಾಚೆ ತರಗೆಲೆಯ ಕೆಳಗಿನ ಮಣ್ಣು ನೀರು ಹೀರಿಕೊಂಡಾಗಿರುತ್ತದೆ, ತುಳಿದ ನೆಲದ ಮೇಲೆ ನೀರು ಇನ್ನೂ ನಿಂತಿರುತ್ತದೆ.

ಆ ತರಗೆಲೆಯದೇ ಮುಂದಿನ ಕಥೆ. ತುಳಿತಕ್ಕೆ ಅದು ಪುಡಿಯಾಗಿ ಗಾಳಿಗೆ, ನೀರಿಗೆ ಹೋಗುತ್ತದೆ. ಕುರುಚಲು ಗಿಡಗಳನ್ನು ದನ ತಿಂದಿರುತ್ತದೆ. ಈಗ ಬಿಸಿಲು ನೇರವಾಗಿ ಮಣ್ಣಿಗೆ ಬೀಳುತ್ತದೆ, ನೆಲಮಟ್ಟದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ತೇವ ಬೇಗ ಆರುತ್ತದೆ. ಹಗಲು ಮಣ್ಣು ಜಾಸ್ತಿ ಕಾಯುತ್ತದೆ, ರಾತ್ರಿ ಜಾಸ್ತಿ ತಣಿಯುತ್ತದೆ. ಸೂಕ್ಷ್ಮ ಹವಾಮಾನ ಅಂದರೆ ಇದೇ: ಮೊಳಕೆಯ ಎತ್ತರದಲ್ಲಿ ಇರುವ ಹವೆ. ಮರದ ನೆರಳೊಂದೇ ಇದನ್ನು ಕಾಪಾಡಲಾರದು.

ಸಗಣಿ, ಗಂಜಲದ ವಿಷಯದಲ್ಲಿ ಎಡವುವವರು ಬಹಳ. ಗೊಬ್ಬರ ಬಿತ್ತಲ್ಲ, ಒಳ್ಳೆಯದೇ ಅಂದುಬಿಡುತ್ತಾರೆ. ದನ ಬಯಲಲ್ಲಿ ಮೇಯುತ್ತದೆ, ನೆರಳಲ್ಲಿ ಮಲಗುತ್ತದೆ. ಹಾಗಾಗಿ ಬಯಲಿನ ಸಾರಜನಕ, ರಂಜಕವೆಲ್ಲ ಮರದ ಬುಡಕ್ಕೆ ಬಂದು ಸೇರುತ್ತವೆ. ಬಡ ಮಣ್ಣಿಗೆ ಒಗ್ಗಿದ ಕಾಡುಗಿಡಗಳನ್ನು ಈ ಸಾರ ಉಂಡ ಕಳೆ ಹಿಂದಿಕ್ಕುತ್ತದೆ.

ಬೇಲಿ ಹಾಕಿದರೆ ಎರೆಹುಳು, ಬೇರು ಸೇರಿ ಮಣ್ಣನ್ನು ನಿಧಾನವಾಗಿ ಸಡಿಲಿಸುತ್ತವೆ. ರಂಜಕ ಅಷ್ಟು ಬೇಗ ಹೋಗುವುದಿಲ್ಲ, ದನ ಹೋದಮೇಲೂ ಕಳೆಗೆ ಅದು ಸಿಗುತ್ತಲೇ ಇರುತ್ತದೆ. ಬೇಲಿಯ ಜೊತೆಗೆ ಕಳೆ ಕೀಳುವುದು, ಸಸಿ ನೆಡುವುದು ಎರಡನ್ನೂ ಮಾಡಬೇಕಾಗುತ್ತದೆ.