ನದಿಯ ನಡುವೆ ಕಾಯಿಲೆ ಬಿದ್ದರೆ ಏನು ಮಾಡಬೇಕು?

ಪ್ರಶ್ನೆ: ಉಡುಪಿಯ ನಾವು ಐದು ಮಂದಿ ಸ್ನೇಹಿತರು ಆಗಸ್ಟ್‌ನಲ್ಲಿ ಲಡಾಖ್‌ನ ಝಂಸ್ಕಾರ್ ನದಿಯಲ್ಲಿ ಒಂದು ವಾರದ ರಾಫ್ಟಿಂಗ್‌ಗೆ ಹೊರಟಿದ್ದೇವೆ. ಸೀತಾನದಿಯಲ್ಲಿ ಅರ್ಧ ದಿನ ರಾಫ್ಟಿಂಗ್ ಮಾಡಿದ್ದಷ್ಟೇ ನಮ್ಮ ಅನುಭವ. ದಾರಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಹೇಗೆ ನಿಭಾಯಿಸುವುದು?

ಉತ್ತರ: ಹೆಬ್ರಿಯ ಬಳಿ ಸೀತಾನದಿಯಲ್ಲಿ ಒಬ್ಬರಿಗೆ ತಲೆಸುತ್ತು ಬಂದರೆ ದೋಣಿಯನ್ನು ದಡಕ್ಕೆ ಹಚ್ಚಿ ಜೀಪು ಹತ್ತಿಸಿದರಾಯಿತು, ಸ್ವಲ್ಪ ಹೊತ್ತಿನಲ್ಲೇ ಮಣಿಪಾಲದ ಆಸ್ಪತ್ರೆ ಸಿಗುತ್ತದೆ. ಝಂಸ್ಕಾರ್ ಹಾಗಲ್ಲ. ಪದುಮ್ ಕಡೆಯಿಂದ ಹೊರಟ ರಾಫ್ಟು ನಿಮ್ಮು ಎಂಬಲ್ಲಿ ಸಿಂಧೂ ನದಿಯನ್ನು ಸೇರುವವರೆಗೆ ಬಹುಪಾಲು ಕಡಿದಾದ ಬಂಡೆಗೋಡೆಗಳ ನಡುವೆಯೇ ಸಾಗುತ್ತದೆ, ಮತ್ತು ರಾಫ್ಟು ಹೊಳೆಗೆ ಎದುರಾಗಿ ಹಿಂದಕ್ಕೆ ಹೋಗಲಾರದು. 2024ರಲ್ಲಿ ನಿಮ್ಮು–ಪದುಮ್ ರಸ್ತೆ ಕೂಡಿಕೊಂಡಿದೆ ನಿಜ, ಆದರೆ ನಡೆಯಲಾಗದ ಒಬ್ಬನನ್ನು ನೀರಿನಂಚಿನಿಂದ ಆ ರಸ್ತೆಯವರೆಗೆ ಹೊತ್ತು ಏರಿಸುವುದು ಸಣ್ಣ ಕೆಲಸವಲ್ಲ. ಆದುದರಿಂದ ನಾನು ಮೊದಲು ಹೇಳುವುದು ಔಷಧದ ವಿಷಯವನ್ನಲ್ಲ: ಕಾಯಿಲೆ ಶುರುವಾದ ದಿನವೇ, ಅದು ಎಷ್ಟೇ ಸಣ್ಣದಿರಲಿ, ಬಾಯಿಬಿಟ್ಟು ಹೇಳುತ್ತೇವೆ ಎಂದು ಐವರೂ ಮನೆಯಲ್ಲೇ ಮಾತು ಕೊಟ್ಟುಕೊಳ್ಳಿ.

ನಾನು ಹೇಳದೆ ಕುಳಿತವನು. ಹಿಮಾಲಯದ ಒಂದು ನದಿಯಲ್ಲಿ ಎರಡನೆಯ ದಿನವೇ ನನಗೆ ಭೇದಿ ಹಿಡಿದಿತ್ತು, ಉಳಿದವರ ಪ್ರಯಾಣ ಹಾಳಾದೀತೆಂದು ಸುಮ್ಮನಿದ್ದೆ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ದಡ ಸೇರಿದಾಗ ಲೈಫ್ ಜಾಕೆಟ್ಟಿನ ಬಕಲ್ ಒತ್ತಲು ನನ್ನ ಹೆಬ್ಬೆರಳಿಗೆ ಬಲವಿರಲಿಲ್ಲ. ಬೆರಳು ಬಕಲ್ಲಿನ ಮೇಲೇ ಇತ್ತು, ಅದು ಒತ್ತುತ್ತಿರಲಿಲ್ಲ. ಮಾರ್ಗದರ್ಶಿ ಅದನ್ನು ನೋಡಿದ ಕೂಡಲೇ ಅಂದಿನ ಪಯಣ ನಿಲ್ಲಿಸಿ, ಒದ್ದೆ ಬಟ್ಟೆ ತೆಗೆಸಿ, ನೆಲದ ಥಂಡಿ ತಾಗದಂತೆ ಕೆಳಗೆ ಚಾಪೆ ಹಾಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ ಬಿಸಿಯಾದ ಸಿಹಿ ಚಹಾ ಕುಡಿಸಿದರು. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಈ ಸ್ಥಿತಿ (ಹೈಪೋಥರ್ಮಿಯಾ) ಬರಿಯ ನಡುಕದಿಂದಲೇ ಗೊತ್ತಾಗುತ್ತದೆಂದು ತಿಳಿಯಬೇಡಿ. ಕೈ ತಡವರಿಸುವುದು, ಮಾತು ತೊದಲುವುದು, ಕಾಲು ಎಡವುವುದು, ಕಾರಣವಿಲ್ಲದೆ ಸಿಡುಕುವುದು, ಇವೆಲ್ಲ ಅದರ ಮುನ್ಸೂಚನೆಗಳು. ಚೆನ್ನಾಗಿ ನಡುಗುತ್ತಿದ್ದವನ ನಡುಕ ಮೈ ಬೆಚ್ಚಗಾಗದೆಯೇ ನಿಂತುಬಿಟ್ಟರೆ ಅದು ಇನ್ನೂ ಅಪಾಯ. ಅಂಥವನ ಕೈಕಾಲು ತಿಕ್ಕಬಾರದು, ಮದ್ಯ ಕೊಡಲೇಬಾರದು.

ಇನ್ನು ನಮ್ಮ ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಝಂಸ್ಕಾರ್‌ನಲ್ಲಿ ರಾಫ್ಟು ಇಳಿಸುವ ತಿಂಗಳುಗಳೇ ಮಂಗಳೂರು, ಉಡುಪಿಯಲ್ಲಿ ಮಲೇರಿಯಾ ಮತ್ತು ಇಲಿ ಜ್ವರದ ತಿಂಗಳುಗಳು. ಸೊಳ್ಳೆ ಕಚ್ಚಿದ ದಿನದಿಂದ ಮಲೇರಿಯಾ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಇಲಿ ಜ್ವರಕ್ಕೆ ಎರಡು ದಿನದಿಂದ ಮೂವತ್ತು ದಿನದವರೆಗೂ ಹಿಡಿಯಬಹುದು. ಎಂದರೆ ಮಳೆಗಾಲದ ಆಟಿ ತಿಂಗಳಲ್ಲಿ ಅಂಗಳದ ಕೆಸರು ತುಳಿದು ಊರು ಬಿಟ್ಟವನಿಗೆ ಜ್ವರ ಏರುವುದು ಸರಿಯಾಗಿ ನದಿಯ ನಡುವೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದ ಕರಾವಳಿಯವನಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು ಬರುವುದು ಸಹಜವಾದ್ದರಿಂದ ಜ್ವರವನ್ನೂ ‘ಎತ್ತರ ಒಗ್ಗಲಿಲ್ಲ’ ಎಂಬ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಚಳಿ ಹಿಡಿದು ಏರುವ ಜ್ವರ ಎತ್ತರದ ಕಾಯಿಲೆಯ ಲಕ್ಷಣವಲ್ಲ. ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಗಾಗುವುದು ಇಲಿ ಜ್ವರದ ಕಡೆಗೆ ಬೊಟ್ಟು ಮಾಡುತ್ತವೆ. ಆದುದರಿಂದ ಹೊರಡುವ ವಾರದಲ್ಲಿ ಮೈ ಬಿಸಿಯೆನಿಸಿದರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಮತ್ತು ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ವೈದ್ಯರನ್ನೇ ಕೇಳಿ. ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯಿಂದ ಮಾಡುವ ಕಷಾಯವನ್ನು ನಾನೂ ಭಕ್ತಿಯಿಂದ ಕುಡಿಯುವವನೇ, ಆದರೆ ರಕ್ತಪರೀಕ್ಷೆಗೆ ಅದು ಬದಲಿಯಲ್ಲ. ಲೇಹ್‌ನಲ್ಲಿ ಮೊದಲ ಎರಡು ಮೂರು ದಿನ ಏನೂ ಮಾಡದೆ ಇರಿ. ಆ ದಿನಗಳನ್ನು ಉಳಿಸಲು ಹೋದವರೇ ನದಿಯಲ್ಲಿ ಹೆಚ್ಚು ನರಳುತ್ತಾರೆ.

ಹೊಟ್ಟೆಯ ತೊಂದರೆ ಮಾತ್ರ ಎಲ್ಲ ನದಿಗಳಿಗೂ ಸಮಾನ. 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ರಾಫ್ಟಿಂಗ್ ಮತ್ತು ಚಾರಣಕ್ಕೆ ಹೋಗಿದ್ದ 222 ಮಂದಿ ವಾಂತಿಭೇದಿಗೆ ತುತ್ತಾದರು, ಪರೀಕ್ಷೆಯಲ್ಲಿ ಕಂಡದ್ದು ನೊರೊವೈರಸ್. ಈ ವೈರಸ್ಸು ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ಮತ್ತು ನೀರಿನಿಂದ ಉಜ್ಜಿ ತೊಳೆಯಲೇಬೇಕು. ಹೊಟ್ಟೆ ಕೆಟ್ಟವನು ಅಡುಗೆಯ ಪಾತ್ರೆ ಮುಟ್ಟಬಾರದು. ಹಿಮನದಿಯ ನೀರು ಬೂದಿ ಕಲಸಿದಂತೆ ಇರುವುದರಿಂದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೇಕಿದ್ದರೆ ಪಟಿಕ ಆಡಿಸಿ, ತಿಳಿಯಾದ ಮೇಲಿನ ನೀರನ್ನು ಕುದಿಸಿ. ಆ ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಹಾಗಾಗಿ ಕುದಿ ಬಂದ ಮೇಲೆ ಮೂರು ನಿಮಿಷ ಒಲೆಯ ಮೇಲೆಯೇ ಇರಲಿ. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಾನು ಆ ಪ್ರಯಾಣದ ನಂತರ ಎರಡು ಕಿಲೋ ಕುಚ್ಚಲಕ್ಕಿಯಿಲ್ಲದೆ ಯಾವ ನದಿಗೂ ಹೋಗಿಲ್ಲ. ಏನೂ ಸೇರದವನಿಗೂ ಉಪ್ಪು ಹಾಕಿದ ಗಂಜಿತಿಳಿ ಸೇರುತ್ತದೆ. ಕುಡಿದದ್ದು ಸಾಕೇ ಎಂಬುದನ್ನು ಮೂತ್ರದ ಬಣ್ಣವೇ ಹೇಳುತ್ತದೆ.

ದಿನವಿಡೀ ನೆನೆದ ಕಾಲುಗಳನ್ನು ಸಂಜೆ ಒರೆಸಿ ಒಣಗಿಸಿ, ಬೆರಳ ಸಂದಿಗೆ ಮುಲಾಮು ಹಚ್ಚಿ ಒಣ ಉಣ್ಣೆಯ ಕಾಲುಚೀಲ ತೊಡಬೇಕು. ನಾಟಿ ಗದ್ದೆಯಲ್ಲಿ ದುಡಿದವರ ಮನೆಯಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದುವರಿಯಬೇಕೇ, ನಿಲ್ಲಬೇಕೇ ಎಂಬ ತೀರ್ಮಾನ ಮಾರ್ಗದರ್ಶಿಯದು, ಆದರೆ ತಂಡ ಒಡೆಯದಂತೆ ನೋಡಿಕೊಳ್ಳುವುದು ನಿಮ್ಮದು. 1869ರಲ್ಲಿ ಅಮೆರಿಕದ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ಹತ್ತು ಮಂದಿಯ ತಂಡದೊಡನೆ ಕೊಲೊರಾಡೊ ನದಿಯನ್ನು ಇಳಿದಾಗ ಆಹಾರ ನೆನೆದು ಹಾಳಾಗಿ, ಎಲ್ಲರೂ ಸೋತು, ಕೊನೆಗೆ ಮೂವರು ನದಿಯನ್ನು ಬಿಟ್ಟು ಬಂಡೆ ಹತ್ತಿ ಹೋದರು. ಉಳಿದವರು ಎರಡೇ ದಿನದಲ್ಲಿ ಕಣಿವೆಯಿಂದ ಹೊರಬಿದ್ದರು, ಆ ಮೂವರು ಮರಳಲಿಲ್ಲ. ಹಸಿವು, ಥಂಡಿ, ನಿದ್ದೆಯಿಲ್ಲದಿರುವಿಕೆ ಸೇರಿದಾಗ ಒಳ್ಳೆಯ ಸ್ನೇಹಿತರೂ ಜಗಳವಾಡುತ್ತಾರೆ. ಐದನೆಯ ದಿನದ ಸಂಜೆ ಬಂದ ಸಿಟ್ಟಿಗೆ ಮೊದಲು ಬಿಸಿ ಊಟ ಕೊಟ್ಟು ನೋಡಿ.

ಹೊರಡುವ ಮುನ್ನ ನಿಮ್ಮನ್ನು ಕರೆದೊಯ್ಯುವವರಲ್ಲಿ ಒಂದನ್ನು ಖಚಿತವಾಗಿ ಕೇಳಿ: ಕಣಿವೆಯೊಳಗಿಂದ ಹೊರಗೆ ಸುದ್ದಿ ಮುಟ್ಟಿಸುವ ಬಗೆ ಯಾವುದು, ರೋಗಿಯನ್ನು ಎಲ್ಲೆಲ್ಲಿ ರಸ್ತೆಗೆ ಏರಿಸಬಹುದು? ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನ್ ಒಯ್ಯುವುದು ಅಪರಾಧವಾದ್ದರಿಂದ ವಿದೇಶದ ಸ್ನೇಹಿತರಿಂದ ಎರವಲು ತಂದು ಚೀಲದಲ್ಲಿ ಹಾಕಿಕೊಳ್ಳಬೇಡಿ.

ಊರಿಗೆ ಮರಳಿದ ಒಂದು ತಿಂಗಳೊಳಗೆ ಜ್ವರ ಬಂದರೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋದರೂ, ಮಣಿಪಾಲಕ್ಕೆ ಹೋದರೂ, ಯಾವ ನದಿಯಲ್ಲಿ ಎಷ್ಟು ದಿನ ನೆನೆದಿರಿ, ಹೊರಡುವ ಮುನ್ನ ಎಲ್ಲಿದ್ದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.