ರೊಟ್ಟಿಯಲ್ಲಿರುವುದು ಭ್ರೂಣಪೋಷ, ಬೇಳೆಯಲ್ಲಿರುವುದು ಬೀಜದಳ

ಕಲಬುರಗಿಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುತ್ತದೆ. ತೆನೆ ಹೂವಾಡುವ ವೇಳೆಗೆ ನೆಲ ಬಿರುಕು ಬಿಡತೊಡಗಿದ್ದರೂ ಕಾಳು ಕಟ್ಟುತ್ತದೆ. ಹಾವಸೆಗೂ ಜರೀಗಿಡಕ್ಕೂ ಇದು ಆಗದ ಮಾತು. ಅವುಗಳ ಪುರುಷಾಣು ಅಂಡವನ್ನು ಸೇರಲು ನೀರಿನ ಪದರದಲ್ಲಿ ಈಜಲೇಬೇಕು.

ನೀರಿನ ಈ ಹಂಗು ಹರಿಯತೊಡಗಿದ್ದು ಸುಮಾರು 36 ಕೋಟಿ ವರ್ಷಗಳಿಗೂ ಹಿಂದೆ, ಡೆವೋನಿಯನ್ ಯುಗದ ಕೊನೆಯ ಭಾಗದಲ್ಲಿ. ಕೆಲವು ಸಸ್ಯಗಳು ಹೆಣ್ಣು ಬೀಜಕವನ್ನು (ಒಂದೇ ಕೋಶದ ಸಂತಾನಕಣವನ್ನು) ಉದುರಿಸದೆ ತಾಯಿಗಿಡದಲ್ಲೇ ಉಳಿಸಿಕೊಂಡು, ಸುತ್ತಲೂ ಹೊದಿಕೆ ಬೆಳೆಸಿ, ಮುಂದೆ ಬೀಜವಾಗುವ ಬೀಜಾಂಡವನ್ನು ರೂಪಿಸಿದವು. ಗಂಡು ಬೀಜಕ ಪರಾಗವಾಗಿ ಗಾಳಿಯಲ್ಲಿ ಬಂದು ಸೇರತೊಡಗಿತು. ಆದರೆ ಹಳೆಯ ರೂಢಿ ಒಮ್ಮೆಗೇ ಬಿಡಲಿಲ್ಲ. ಗಿಂಕ್ಗೊ ಮರದ ಪರಾಗದಿಂದ ಹೊರಬರುವ ಪುರುಷಾಣು ಇಂದಿಗೂ ಈಜುತ್ತದೆ ಎಂಬುದನ್ನು ಜಪಾನಿನ ಸಸ್ಯವಿಜ್ಞಾನಿ ಹಿರಾಸೆ 1896ರಲ್ಲಿ ಕಂಡರು. ಸೈಕಾಸ್ ಗಿಡದಲ್ಲಿಯೂ ಹಾಗೆಯೇ. ಪೈನ್ ಮರಗಳಲ್ಲಿ ಮತ್ತು ಹೂ ಬಿಡುವ ಸಸ್ಯಗಳಲ್ಲಿ ಮಾತ್ರ ಈಜಲಾರದ ಪುರುಷಕೋಶವನ್ನು ಪರಾಗದಿಂದ ಬೆಳೆಯುವ ಕೊಳವೆಯಾದ ಪರಾಗನಾಳವೇ ಅಂಡದ ಬಳಿಗೆ ಒಯ್ಯುತ್ತದೆ.

ಹೂ ಬಿಡುವ ಸಸ್ಯಗಳ ಮಿತವ್ಯಯ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪೈನ್‌ನಂಥ ಮರಗಳಲ್ಲಿ ಎಳೆ ಸಸಿಯ ಆಹಾರವಾಗಬೇಕಾದ ಅಂಗಾಂಶ ಗರ್ಭಧಾರಣೆಗೆ ಮೊದಲೇ ಬೆಳೆದಿರುತ್ತದೆ. ಭ್ರೂಣ ಹುಟ್ಟದಿದ್ದರೆ ಆ ಶ್ರಮ ವ್ಯರ್ಥ. ಹೂವಿನ ಸಸ್ಯಗಳಲ್ಲಿ ಪರಾಗನಾಳ ಎರಡು ಪುರುಷಕೋಶಗಳನ್ನು ತರುತ್ತದೆ: ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಬೀಜಾಂಡದ ನಡುವಿನ ಎರಡು ಕೋಶಕೇಂದ್ರಗಳೊಡನೆ ಕೂಡಿ, ಭ್ರೂಣಕ್ಕೆ ಆಹಾರವಾಗುವ ಭ್ರೂಣಪೋಷವಾಗುತ್ತದೆ. ಅಂದರೆ ಗರ್ಭಧಾರಣೆಯಾದ ಮೇಲೆಯೇ ಬುತ್ತಿ ಕಟ್ಟುವ ಕೆಲಸ ಮೊದಲಾಗುತ್ತದೆ. ಈ ಇಮ್ಮಡಿ ಗರ್ಭಧಾರಣೆಯನ್ನು ರಷ್ಯದ ಸಸ್ಯವಿಜ್ಞಾನಿ ನವಾಶಿನ್ 1898ರಲ್ಲಿ ಗುರುತಿಸಿದರು. ಜೋಳದಲ್ಲಿ ಭ್ರೂಣಪೋಷ ಕಾಳಿನ ಬಹುಭಾಗವಾಗಿ ಉಳಿಯುತ್ತದೆ. ನಮ್ಮ ರೊಟ್ಟಿಯ ಹಿಟ್ಟಿನಲ್ಲಿ ಹೆಚ್ಚಿನದು ಅದೇ. ತೊಗರಿಯಲ್ಲಿ ಬೆಳೆಯುವ ಭ್ರೂಣ ಅದನ್ನು ಹೀರಿಕೊಂಡು ತನ್ನ ಎರಡು ಬೀಜದಳಗಳಲ್ಲಿ ಆಹಾರ ತುಂಬಿಕೊಳ್ಳುತ್ತದೆ. ಸಿಪ್ಪೆ ತೆಗೆದು ಕಾಳನ್ನು ಒಡೆದಾಗ ಬೇರೆಯಾಗುವ ಎರಡು ಬೇಳೆಗಳು ಆ ಬೀಜದಳಗಳೇ.

ಬೀಜ ಉಳಿಸಿಕೊಳ್ಳುವ ರೈತರು ತೊಗರಿ ಹೂವಿನ ಒಂದು ಗುಣವನ್ನು ತಿಳಿದಿರಬೇಕು. ಹೂ ಅರಳುವ ಮೊದಲೇ ಪರಾಗಕೋಶಗಳು ಬಿರಿಯುವುದರಿಂದ ಸ್ವಕೀಯ ಪರಾಗಸ್ಪರ್ಶ ಸುಲಭ. ಆದರೂ ದುಂಬಿ, ಜೇನುಗಳು ಪಕ್ಕದ ಹೊಲದ ಪರಾಗವನ್ನು ಸಾಕಷ್ಟು ತರುತ್ತವೆ. ಪಕ್ಕದಲ್ಲಿ ಬೇರೆ ತಳಿಯಿದ್ದರೆ ಬದುವಿನ ಸಾಲುಗಳ ಕಾಳು ಬೀಜಕ್ಕೆ ಬೇಡ. ಹೊಲದ ನಡುವಿನ ಗಿಡಗಳಿಂದಲೇ ಆರಿಸಿಕೊಳ್ಳಿ.