ಮನೆ ಅಗ್ಗ, ಸಂಬಳ ಕಮ್ಮಿ: ಅಮೆರಿಕದ ಹಳ್ಳಿ ಕೌಂಟಿಗಳ ಹಳೆಯ ಲೆಕ್ಕ

1960ರ ದಶಕದ ಅಮೆರಿಕದ ಎರಡು ಕುಟುಂಬಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಒಂದು ಕುಟುಂಬ ಪೇಟೆಯಲ್ಲಿದೆ, ಇನ್ನೊಂದು ಹೊಲದ ಮನೆಯಲ್ಲಿದೆ. ಪೇಟೆಯವರಿಗೆ ವರ್ಷಕ್ಕೆ ಸುಮಾರು 3,100 ಡಾಲರ್‌ಗಿಂತ ಕಡಿಮೆ ಬಂದರೆ ಸರ್ಕಾರದ ಲೆಕ್ಕದಲ್ಲಿ ಅವರು ಬಡವರು. ಹೊಲದ ಮನೆಯವರು ಬಡವರು ಅನ್ನಿಸಿಕೊಳ್ಳಬೇಕಾದರೆ ಅವರ ಆದಾಯ ಇನ್ನೂ ಎಷ್ಟೋ ಕೆಳಗೆ ಇರಬೇಕಿತ್ತು. ಪೇಟೆಯವರ ರೇಖೆ 100 ಎಂದಿಟ್ಟುಕೊಂಡರೆ ಇವರದು ಮೊದಲು 60, ಆಮೇಲೆ 70.

ಈ ರೇಖೆ ಎಳೆದವರು ಮಾಲಿ ಆರ್ಶಾನ್ಸ್ಕಿ. ವೃದ್ಧಾಪ್ಯ ಪಿಂಚಣಿ ನೋಡಿಕೊಳ್ಳುವ ಸೋಶಿಯಲ್ ಸೆಕ್ಯುರಿಟಿ ಆಡಳಿತದಲ್ಲಿ ಕೆಲಸ ಮಾಡುತ್ತಿದ್ದ ಅರ್ಥಶಾಸ್ತ್ರಜ್ಞೆ. ಅವರ ಲೆಕ್ಕ ಸರಳವಾಗಿತ್ತು. ಕೃಷಿ ಇಲಾಖೆಯ 1955ರ ಸಮೀಕ್ಷೆಯ ಪ್ರಕಾರ ಕುಟುಂಬಗಳು ಕೈಗೆ ಬಂದ ಹಣದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಊಟಕ್ಕೆ ಹಾಕುತ್ತಿದ್ದವು. ಹಾಗಾದರೆ ಕೈ ಬಿಗಿ ಹಿಡಿದು ಮಾಡುವ ಊಟದ ಖರ್ಚಿನ ಮೂರು ಪಟ್ಟು ಹಣ ಬದುಕಲು ಬೇಕು. ಆದರೆ ಹೊಲದವರು ತಾವು ತಿನ್ನುವುದರಲ್ಲಿ ಸುಮಾರು ಶೇ 40ರಷ್ಟನ್ನು ತಾವೇ ಬೆಳೆದುಕೊಳ್ಳುತ್ತಿದ್ದರು. ಅಷ್ಟನ್ನು ಕಳೆದಾಗ 60 ಉಳಿಯಿತು. ಬೆಳೆದು ತಿನ್ನುವುದು ಕಮ್ಮಿಯಾಗುತ್ತಿದೆ ಎಂದು ಗೊತ್ತಾದ ಮೇಲೆ ಅದನ್ನು 70 ಮಾಡಿದರು. 1969ರಲ್ಲಿ 85 ಆಯಿತು. 1981ರಲ್ಲಿ ಈ ವ್ಯತ್ಯಾಸವನ್ನೇ ತೆಗೆದುಹಾಕಿದರು.

ಆರ್ಶಾನ್ಸ್ಕಿ ಬಗ್ಗೆ ನನಗೆ ಗೌರವವಿದೆ. ವಲಸೆ ಬಂದ ಬಡ ಕುಟುಂಬದಲ್ಲಿ ಬೆಳೆದವರು ಅವರು. ಹಸಿವು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕಳೆದದ್ದು ಹೊಲದಲ್ಲೇ ಬದುಕುವವರ ಲೆಕ್ಕದಿಂದ ಮಾತ್ರ, ಹಳ್ಳಿಯಲ್ಲಿರುವ ಎಲ್ಲರದರಿಂದ ಅಲ್ಲ. ಆದರೆ ಅದರ ಹಿಂದಿದ್ದ ಯೋಚನೆ ಅಷ್ಟಕ್ಕೇ ನಿಲ್ಲಲಿಲ್ಲ. ಹಳ್ಳಿಯಲ್ಲಿದ್ದರೆ ಕಮ್ಮಿ ದುಡ್ಡಲ್ಲಿ ಬದುಕಬಹುದು, ಅಲ್ವಾ? ಈ ಮಾತು ಇವತ್ತಿಗೂ ಅಮೆರಿಕದಲ್ಲಿ ಓಡಾಡುತ್ತಿದೆ. ಸಂಬಳ ಕಮ್ಮಿ ಇದ್ದರೇನು, ಅಲ್ಲಿ ಎಲ್ಲವೂ ಅಗ್ಗ ಎನ್ನುತ್ತಾರೆ. ಅರ್ಧ ನಿಜವಿರುವ ಮಾತು ಇದು. ಆ ಅರ್ಧವನ್ನೇ ಪೂರ್ತಿ ಎಂದು ನಂಬಿ ಎಷ್ಟೋ ಕುಟುಂಬಗಳು ಕಷ್ಟಕ್ಕೆ ಬಿದ್ದಿವೆ. ಆದ್ದರಿಂದ ಇದನ್ನು ಮೊದಲಿನಿಂದ ನೋಡಬೇಕು ಅನ್ನಿಸುತ್ತದೆ.

ಮೊದಲು ಸಂಬಳದ ಕಡೆ. ಹಳ್ಳಿ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳ ಹಾಗಿರುವ ಹಳ್ಳಿಗಾಡಿನ ಆಡಳಿತ ವಿಭಾಗಗಳಲ್ಲಿ, ಕೂಲಿ ಕಮ್ಮಿ ಇರುವುದು ಸುಮ್ನೆ ತಾನಾಗಿ ಆದದ್ದಲ್ಲ. ಅದರಲ್ಲಿ ಕಾನೂನಿನ ಕೈಯೂ ಇದೆ. 1935ರಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾಯ್ದೆ ಬಂತು. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಅದರ ಹೊರಗೆ ಇಟ್ಟರು. 1938ರಲ್ಲಿ ಗಂಟೆಗೆ 25 ಸೆಂಟ್‌ನ ಕನಿಷ್ಠ ಕೂಲಿ ಬಂತು. ಹೊಲದ ಕೂಲಿಗಳು ಅದರಿಂದಲೂ ಹೊರಗೇ ಉಳಿದರು. ದಕ್ಷಿಣದ ರಾಜ್ಯಗಳಲ್ಲಿ ಈ ಎರಡೂ ಕೆಲಸ ಮಾಡುತ್ತಿದ್ದವರಲ್ಲಿ ಕಪ್ಪು ಜನರ ಪಾಲು ದೊಡ್ಡದಿತ್ತು. 1966ರ ತಿದ್ದುಪಡಿ ಬರುವವರೆಗೆ ಹೊಲದ ಕೂಲಿಗೆ ಕೇಂದ್ರದ ಕನಿಷ್ಠ ದರ ಅನ್ನುವುದೇ ಇರಲಿಲ್ಲ. ಅದೂ ದೊಡ್ಡ ಹೊಲಗಳಲ್ಲಿ ದುಡಿಯುವವರಿಗೆ ಮಾತ್ರ ಸಿಕ್ಕಿತು. ಓವರ್‌ಟೈಮ್‌ಗೆ ಹೆಚ್ಚು ಕೂಲಿ ಕೊಡಬೇಕೆಂಬ ಕೇಂದ್ರದ ನಿಯಮ ಇವತ್ತಿಗೂ ಹೊಲದ ಕೆಲಸಕ್ಕೆ ಅನ್ವಯಿಸುವುದಿಲ್ಲ. ಅಂದರೆ ಸುಮಾರು 30 ವರ್ಷ ಹೊಲದ ಕೂಲಿಗೆ ಕೇಂದ್ರದ ಕೆಳಗಿನ ಮಿತಿಯೇ ಇರಲಿಲ್ಲ. ಅಂಥ ಕಡೆ ಉಳಿದ ಕೆಲಸಗಳ ಸಂಬಳ ಮೇಲಕ್ಕೆ ಹೋಗುವುದಾದರೂ ಹೇಗೆ?

1964ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕೆಂಟಕಿಯ ಮಾರ್ಟಿನ್ ಕೌಂಟಿಗೆ ಹೋದರು. ಅದೇ ಜನವರಿಯಲ್ಲಿ ಅವರು ಬಡತನದ ಮೇಲೆ ಯುದ್ಧ ಸಾರಿದ್ದರು. ಕಲ್ಲಿದ್ದಲು ನಾಡಿನ ಒಂದು ಸಣ್ಣ ಮನೆಯ ಜಗಲಿಯಲ್ಲಿ ಕೂತು ಮನೆಯವರ ಜೊತೆ ಮಾತಾಡಿದರು. ಆ ಫೋಟೊ ದೇಶವೆಲ್ಲ ಓಡಾಡಿತು. ಮೂರು ವರ್ಷದ ನಂತರ, 1967ರಲ್ಲಿ, ಗ್ರಾಮೀಣ ಬಡತನದ ಬಗ್ಗೆ ನೇಮಿಸಿದ್ದ ರಾಷ್ಟ್ರೀಯ ಆಯೋಗ ತನ್ನ ವರದಿ ಕೊಟ್ಟಿತು. ಹಳ್ಳಿಗಾಡಿನಲ್ಲಿ 1.4 ಕೋಟಿ ಬಡವರಿದ್ದಾರೆ ಎಂದಿತು. ಅಷ್ಟು ಹೊತ್ತಿಗೆ ಹಳ್ಳಿಯಲ್ಲಿದ್ದ ಬಹುಪಾಲು ಜನ ಹೊಲದವರೇ ಆಗಿರಲಿಲ್ಲ. ಗಣಿ, ಮರದ ಮಿಲ್ಲು, ಅಂಗಡಿ, ಶಾಲೆ, ಹೀಗೆ ಸಂಬಳದ ಮೇಲೆ ಬದುಕುವವರೇ ಹೆಚ್ಚು. ತರಕಾರಿ ಅವರೂ ಪೇಟೆಯವರ ಹಾಗೆ ದುಡ್ಡು ಕೊಟ್ಟೇ ತರಬೇಕಿತ್ತು.

ಆಮೇಲೆ ಕಾರ್ಖಾನೆಗಳು ಬಂದವು. ಬಟ್ಟೆ, ಪೀಠೋಪಕರಣ, ವಾಹನದ ಬಿಡಿಭಾಗ ಮಾಡುವ ಕಂಪನಿಗಳು ನಗರ ಬಿಟ್ಟು ಹಳ್ಳಿ ಕೌಂಟಿಗಳ ಕಡೆ ತಿರುಗಿದವು. ಜಾಗ ಅಗ್ಗ, ಕೂಲಿ ಕಮ್ಮಿ, ಯೂನಿಯನ್ ಇಲ್ಲ. 1970ರ ದಶಕದಲ್ಲಿ ಒಂದು ವಿಚಿತ್ರ ನಡೆಯಿತು. ಹಳ್ಳಿ ಕೌಂಟಿಗಳ ಜನಸಂಖ್ಯೆ ನಗರಗಳಿಗಿಂತ ವೇಗವಾಗಿ ಏರಿತು. ಕೃಷಿ ಇಲಾಖೆಯ ಜನಸಂಖ್ಯಾ ತಜ್ಞ ಕ್ಯಾಲ್ವಿನ್ ಬೀಲ್ ಇದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು. ಆ ಹತ್ತು ವರ್ಷ ಲೆಕ್ಕ ಸರಿಹೋದ ಹಾಗೆ ಕಂಡಿತು. ಮನೆಯೂ ಅಗ್ಗ, ಕೆಲಸವೂ ಉಂಟು. ಆದರೆ ಕೂಲಿ ಕಮ್ಮಿ ಎಂದು ಬಂದ ಕಾರ್ಖಾನೆ ಇನ್ನೂ ಕಮ್ಮಿ ಇರುವ ಕಡೆಗೆ ಹೋಗದೆ ಇರುತ್ತದೆಯೇ? 1980ರ ದಶಕದಲ್ಲಿ ಬಡ್ಡಿ ಏರಿ, ಜಮೀನಿನ ಬೆಲೆ ಕುಸಿದು ರೈತರು ಮುಳುಗಿದರು. 1994ರಲ್ಲಿ ಮೆಕ್ಸಿಕೊ, ಕೆನಡಾ ಜೊತೆಗಿನ ನಾಫ್ಟಾ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಒಂದೇ ಕಾರ್ಖಾನೆ ನಂಬಿಕೊಂಡಿದ್ದ ಊರುಗಳಲ್ಲಿ ಅದು ಮುಚ್ಚಿದ ಮೇಲೆ ಉಳಿದದ್ದು ಅಗ್ಗದ ಮನೆ ಮಾತ್ರ. ಕೊಳ್ಳುವವರು ಇಲ್ಲದ್ದಕ್ಕೇ ಆ ಮನೆಗಳು ಅಗ್ಗ.

ಕೃಷಿ ಇಲಾಖೆ ಒಂದು ಪಟ್ಟಿ ಇಡುತ್ತದೆ. 1980ರಿಂದ ಸುಮಾರು 30 ವರ್ಷ, ನಾಲ್ಕು ಎಣಿಕೆಗಳಲ್ಲೂ ಶೇ 20ಕ್ಕಿಂತ ಕಡಿಮೆಯಿಲ್ಲದ ಬಡತನ ಕಂಡ ಕೌಂಟಿಗಳ ಪಟ್ಟಿ ಅದು. ಅದರಲ್ಲಿ 353 ಕೌಂಟಿಗಳಿದ್ದವು. 301 ಹಳ್ಳಿಗಾಡಿನವು. ಮಿಸಿಸಿಪಿ ಡೆಲ್ಟಾ, ಅಪಲೇಚಿಯ ಬೆಟ್ಟಗಳು, ರಿಯೊ ಗ್ರಾಂಡೆ ನದಿಯ ಅಂಚು, ಮೂಲನಿವಾಸಿಗಳ ಮೀಸಲು ಪ್ರದೇಶಗಳು. ಬದುಕು ಅಗ್ಗ ಎಂದು ಹೆಸರಾದ ಜಾಗಗಳೂ ಹೆಚ್ಚುಕಮ್ಮಿ ಇವೇ.

ಇಲ್ಲಿ ಲೆಕ್ಕದ ಕಥೆ ತಿರುವು ತೆಗೆದುಕೊಳ್ಳುತ್ತದೆ. 1981ರ ನಂತರ ಬಡತನದ ರೇಖೆ ಹೊಲಕ್ಕೂ ನಗರಕ್ಕೂ ಒಂದೇ ಆಯಿತು. ನೆರವು ಯೋಜನೆಗಳಿಗೆ ಬಳಸುವ ಮಿತಿಯೂ ಹಾಗೆಯೇ. 2024ರಲ್ಲಿ ನಾಲ್ಕು ಜನರ ಕುಟುಂಬಕ್ಕೆ ಅದು 31,200 ಡಾಲರ್. ಅಲಾಸ್ಕಾ, ಹವಾಯಿ ಬಿಟ್ಟರೆ ಉಳಿದ 48 ರಾಜ್ಯಗಳಿಗೂ ಅಷ್ಟೇ. ಮ್ಯಾನ್‌ಹಟನ್‌ಗೂ ಅಷ್ಟೇ, ಡೆಲ್ಟಾದ ಸಣ್ಣ ಊರಿಗೂ ಅಷ್ಟೇ. ಇದು ನಗರದ ಬಡವರಿಗೆ ಅನ್ಯಾಯ ಎಂಬ ದೂರು ಬಂತು. ದೂರಿನಲ್ಲಿ ಹುರುಳಿತ್ತು. 1995ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರ ತಂಡ ಊರೂರಿನ ಖರ್ಚು ನೋಡಿ ರೇಖೆ ಎಳೆಯಬೇಕು ಎಂದು ಸಲಹೆ ಕೊಟ್ಟಿತು. 2011ರಲ್ಲಿ ಜನಗಣತಿ ಇಲಾಖೆ ಪೂರಕ ಬಡತನ ಮಾಪನ ಎಂಬ ಹೊಸ ಲೆಕ್ಕ ಹೊರತಂದಿತು. ಹಳೆಯ ಲೆಕ್ಕದಲ್ಲಿ ಹಳ್ಳಿಗಳಲ್ಲಿ ಬಡತನ ಜಾಸ್ತಿ. ಹೊಸ ಲೆಕ್ಕದಲ್ಲಿ ನಗರಗಳಲ್ಲಿ ಜಾಸ್ತಿ. ಜನ ಅವರೇ, ಅವರ ಕೈಯಲ್ಲಿದ್ದ ಹಣವೂ ಅಷ್ಟೇ. ಅಳತೆಗೋಲು ಬದಲಾಯಿತು.

ಹೊಸ ಮಾಪನ ಸರ್ಕಾರದ ನೆರವನ್ನು, ತೆರಿಗೆಯನ್ನು ಎಣಿಸುತ್ತದೆ. ಅದು ಒಳ್ಳೆಯ ಕೆಲಸ. ಆದರೆ ಊರಿಂದ ಊರಿಗೆ ಬದಲಾಗುವ ಖರ್ಚಿನಲ್ಲಿ ಅದು ನೋಡುವುದು ಮನೆಯ ಖರ್ಚನ್ನು ಮಾತ್ರ. ಬಾಡಿಗೆ ಕಮ್ಮಿ ಇರುವ ಕಡೆ ರೇಖೆಯನ್ನು ಕೆಳಗಿಳಿಸುತ್ತದೆ. ದೂರ ಜಾಸ್ತಿ ಇರುವ ಕಡೆ ಅದನ್ನು ಮೇಲೇರಿಸುವುದಿಲ್ಲ. ನನಗೆ ಇದು ಮತ್ತೆ ಅದೇ ಅರ್ಧ ಲೆಕ್ಕ ಅನ್ನಿಸುತ್ತದೆ. ಆಗ ಹೊಲದ ಊಟ ಕಳೆದರು, ಈಗ ಬಾಡಿಗೆ ಕಳೆಯುತ್ತಾರೆ. ಕೂಡಿಸುವ ಕಡೆ ಯಾರೂ ಬರುವುದಿಲ್ಲ.

ಕೂಡಿಸಿ ನೋಡೋಣ. ಹಳ್ಳಿ ಕೌಂಟಿಯಲ್ಲಿ ಬಸ್ಸು ಇಲ್ಲವೆಂದೇ ಹೇಳಬೇಕು. ಒಬ್ಬರ ಕೆಲಸ 30 ಮೈಲಿ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 60 ಮೈಲಿ. ವರ್ಷಕ್ಕೆ 250 ದಿನ ಹೋದರೆ 15,000 ಮೈಲಿ. ಪೆಟ್ರೋಲು, ವಿಮೆ, ರಿಪೇರಿ, ಕಾರಿನ ಸವೆತ ಎಲ್ಲ ಸೇರಿಸಿ ತೆರಿಗೆ ಇಲಾಖೆ 2024ಕ್ಕೆ ಮೈಲಿಗೆ 67 ಸೆಂಟ್ ಎಂದು ದರ ಇಟ್ಟಿತ್ತು. ಆ ದರದಲ್ಲಿ 10,050 ಡಾಲರ್ ಆಗುತ್ತದೆ. ಹಳೇ ಕಾರಾದರೆ ಇದಕ್ಕಿಂತ ಕಮ್ಮಿಯಲ್ಲಿ ನಡೆದೀತು. ಅರ್ಧ ಎಂದೇ ಹಿಡಿಯಿರಿ, 5,000 ಡಾಲರ್. ಈಗ ಸಂಬಳ ನೋಡಿ. ಕೇಂದ್ರದ ಕನಿಷ್ಠ ಕೂಲಿ 2009ರ ಜುಲೈನಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ದುಡಿದರೆ 15,080 ಡಾಲರ್. ಕೆಲಸಕ್ಕೆ ಹೋಗಿಬರುವುದರಲ್ಲೇ ಸಂಬಳದ ಮೂರನೇ ಒಂದು ಪಾಲು ಹೋಯಿತು. ಕಾರು ಕೆಟ್ಟು ನಿಂತ ವಾರ ಸಂಬಳವೂ ಇಲ್ಲ. ಈಗ ಎಷ್ಟೋ ಕಡೆ ಇದಕ್ಕಿಂತ ಜಾಸ್ತಿ ಕೂಲಿ ಸಿಗುತ್ತದೆ, ನಿಜ. ಆದರೆ ಮಿಸಿಸಿಪಿಯಂಥ ರಾಜ್ಯಗಳಲ್ಲಿ ರಾಜ್ಯದ್ದೇ ಆದ ಕನಿಷ್ಠ ಕೂಲಿ ಕಾನೂನು ಇಲ್ಲ. ಅಲ್ಲಿ ಕಾನೂನು ಕೊಡುವ ಭರವಸೆ ಈ 7.25 ಡಾಲರ್ ಮಾತ್ರ.

ಶಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಇದನ್ನು ಮೊದಲೇ ಗಮನಿಸಿತ್ತು. ಮನೆ ಮತ್ತು ಓಡಾಟದ ಖರ್ಚು ಎರಡೂ ಸೇರಿ ಆದಾಯದ ಶೇ 45 ದಾಟಬಾರದು ಎಂದು ಅವರ ಸೂಚ್ಯಂಕ ಹೇಳುತ್ತದೆ. ಹೀಗೆ ನೋಡಿದರೆ ಅಗ್ಗ ಎನ್ನಿಸಿಕೊಂಡ ಎಷ್ಟೋ ಜಾಗಗಳು ಅಗ್ಗವಾಗಿ ಉಳಿಯುವುದಿಲ್ಲ.

ಮನೆಗೆ ಆದಾಯದ ಶೇ 30ಕ್ಕಿಂತ ಹೆಚ್ಚು ಹೋಗಬಾರದು ಎಂಬ ಮಾತು ನೀವು ಕೇಳಿರಬಹುದು. ಅದಕ್ಕೂ ಒಂದು ಹಿನ್ನೆಲೆ ಇದೆ. 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ ಸರ್ಕಾರಿ ವಸತಿಯ ಬಾಡಿಗೆಗೆ ಶೇ 25ರ ಮಿತಿ ಹಾಕಿತು. 1981ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದರು. ಬಾಡಿಗೆದಾರರನ್ನು ಕಾಯಲು ಬಂದ ಈ ಮಿತಿ ಆಮೇಲೆ ಎಲ್ಲರಿಗೂ ಅಳತೆಗೋಲಾಗಿಬಿಟ್ಟಿತು. ತಿಂಗಳಿಗೆ 5,000 ಡಾಲರ್ ದುಡಿಯುವವರು ಶೇ 30 ಮನೆಗೆ ಕೊಟ್ಟರೆ 3,500 ಉಳಿಯುತ್ತದೆ. 2,000 ದುಡಿಯುವವರಿಗೆ ಉಳಿಯುವುದು 1,400. ಕಾರಿನ ಟೈರು, ಫೋನ್ ಬಿಲ್ಲು, ಮಕ್ಕಳ ಶೂ, ಔಷಧಿ ಇವುಗಳ ಬೆಲೆ ಸಂಬಳ ನೋಡಿ ಇಳಿಯುವುದಿಲ್ಲ. ಶೇಕಡಾವಾರು ಒಂದೇ ಇರಬಹುದು, ಬದುಕು ಒಂದೇ ಅಲ್ಲ. ಹಾಗಾಗಿ ಎಷ್ಟು ಹೋಯಿತು ಎನ್ನುವುದಕ್ಕಿಂತ ಎಷ್ಟು ಉಳಿಯಿತು ಎಂದು ಕೇಳುವುದೇ ಸರಿ ಎಂದು ನನಗೆ ಅನ್ನಿಸುತ್ತದೆ.

ರಾಜ್ಯದ ಮಟ್ಟದಲ್ಲೂ ಇದು ಕಾಣುತ್ತದೆ. ದೇಶದ ಸರಾಸರಿ ಬೆಲೆ 100 ಎಂದರೆ ಮಿಸಿಸಿಪಿಯದು 87ರ ಆಸುಪಾಸು. ಬಹಳ ಅಗ್ಗವೇ. ಆದರೆ 2022ರಲ್ಲಿ ದೇಶದ ನಟ್ಟನಡುವಿನ ಕುಟುಂಬದ (ಅರ್ಧದಷ್ಟು ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧದಷ್ಟು ಕೆಳಗೆ) ಆದಾಯ ಸುಮಾರು 74,700 ಡಾಲರ್ ಇದ್ದಾಗ ಅಲ್ಲಿ ಸುಮಾರು 52,700 ಇತ್ತು. ಬೆಲೆ ಶೇ 13ರಷ್ಟು ಕೆಳಗೆ, ಆದಾಯ ಶೇ 29ರಷ್ಟು ಕೆಳಗೆ. ಮಿಸಿಸಿಪಿ ಪೂರ್ತಿ ಹಳ್ಳಿಯಲ್ಲ. ಆದರೂ ಅಗ್ಗ ಎನ್ನುವ ಮಾತು ಎಲ್ಲಿ ಸೋಲುತ್ತದೆ ಎಂದು ಈ ಎರಡು ಅಂಕಿಗಳು ತೋರಿಸುತ್ತವೆ.

ಇನ್ನು ಮನೆಯೂ ಎಲ್ಲರಿಗೂ ಅಗ್ಗವಲ್ಲ. ಹಳ್ಳಿಗಾಡಿನಲ್ಲಿ ಅನೇಕರು ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸುವ ಮೊಬೈಲ್ ಹೋಮ್‌ಗಳಲ್ಲಿ ಇರುತ್ತಾರೆ. ಕೆಳಗಿನ ಜಾಗ ಸ್ವಂತದ್ದಲ್ಲದಿದ್ದರೆ ಕಾನೂನು ಅದನ್ನು ಸಾಮಾನ್ಯವಾಗಿ ಸ್ಥಿರಾಸ್ತಿ ಎನ್ನುವುದಿಲ್ಲ, ವಾಹನದ ಹಾಗೆ ನೋಡುತ್ತದೆ. ಆಗ ಸಾಲದ ಬಡ್ಡಿ ಜಾಸ್ತಿ, ಅವಧಿ ಕಮ್ಮಿ. ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಲು ಕೃಷಿ ಇಲಾಖೆ 1960ರ ದಶಕದಿಂದ ಸಾಲ ಕೊಡುತ್ತಿತ್ತು. ಹಾಗೆ 5 ಲಕ್ಷಕ್ಕೂ ಹೆಚ್ಚು ಮನೆಗಳು ಎದ್ದವು. ಹೊಸದಾಗಿ ಕಟ್ಟಲು ಆ ಸಾಲ ಕೊಟ್ಟು ಹತ್ತು ವರ್ಷಕ್ಕೂ ಮೇಲಾಯಿತು. ಹಳೆಯ ಸಾಲ ತೀರಿದ ಕಟ್ಟಡಗಳು ಒಂದೊಂದಾಗಿ ಯೋಜನೆಯಿಂದ ಹೊರಗೆ ಹೋಗುತ್ತಿವೆ.

ಆಸ್ಪತ್ರೆಯ ವಿಷಯವೂ ಹಾಗೇ. 1946ರ ಹಿಲ್-ಬರ್ಟನ್ ಕಾಯ್ದೆಯ ಹಣದಿಂದ ಸಣ್ಣ ಸಣ್ಣ ಊರುಗಳಲ್ಲೂ ಆಸ್ಪತ್ರೆ ಬಂದಿತ್ತು. 2010ರಿಂದ ಈಚೆಗೆ 100ಕ್ಕೂ ಹೆಚ್ಚು ಹಳ್ಳಿಗಾಡಿನ ಆಸ್ಪತ್ರೆಗಳು ಮುಚ್ಚಿವೆ, ಇಲ್ಲವೇ ಒಳರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಬಿಟ್ಟಿವೆ. ಹೆರಿಗೆಗೆ ಒಂದೂವರೆ ಗಂಟೆ ಗಾಡಿ ಓಡಿಸಬೇಕಾದ ಊರಿನ ಬಾಡಿಗೆ ಎಷ್ಟು ಕಮ್ಮಿಯಾದರೆ ಸರಿಹೋಗುತ್ತದೆ? ಇದಕ್ಕೆ ಯಾವ ಸೂಚ್ಯಂಕವೂ ಬೆಲೆ ಕಟ್ಟಿಲ್ಲ.

ಹಾಗಂತ ಹಳ್ಳಿಯಲ್ಲಿ ಉಳಿದವರು ಲೆಕ್ಕ ಬಾರದವರು ಎಂದು ದಯವಿಟ್ಟು ತಿಳಿಯಬೇಡಿ. ಮಗುವನ್ನು ನೋಡಿಕೊಳ್ಳುವ ಅಜ್ಜಿ ಪಕ್ಕದಲ್ಲೇ ಇದ್ದರೆ ಶಿಶುಪಾಲನೆಯ ದುಬಾರಿ ಬಿಲ್ಲು ಉಳಿಯುತ್ತದೆ. ಬೇಟೆಯ ಕಾಲದಲ್ಲಿ ತಂದ ಜಿಂಕೆ ಮಾಂಸ ಚಳಿಗಾಲಕ್ಕೆ ಆಗುತ್ತದೆ. ಸ್ವಂತ ಜಾಗದ ಸೌದೆ ಮನೆ ಬೆಚ್ಚಗಿಡುತ್ತದೆ. ಅಪ್ಪನಿಂದ ಬಂದ ಮನೆಯ ಮೇಲೆ ಸಾಲವಿಲ್ಲ. ಆರ್ಶಾನ್ಸ್ಕಿ ಕಳೆದ ಆ 40ರಲ್ಲಿ ಸ್ವಲ್ಪ ಇವತ್ತಿಗೂ ಉಳಿದಿದೆ. ಆದರೆ ಅದು ಅಲ್ಲೇ ಹುಟ್ಟಿ ಬೆಳೆದವರಿಗೆ ಸಿಗುವಂಥದ್ದು. ಬಾಡಿಗೆ ಕಮ್ಮಿ ಎಂದು ಹೊಸದಾಗಿ ಹೋಗುವವರಿಗೆ ಅಜ್ಜಿಯೂ ಇಲ್ಲ, ಸೌದೆಯ ಜಾಗವೂ ಇಲ್ಲ. ಹೋಗುವ ಮೊದಲು ಅವರು ಮನೆಯ ಬೆಲೆಯ ಜೊತೆಗೆ ಆ ಕೌಂಟಿಯ ಸಂಬಳವನ್ನೂ ನೋಡಬೇಕು. ಏಮಿ ಗ್ಲಾಸ್ಮಿಯರ್ ರೂಪಿಸಿದ, ಎಂಐಟಿ ವಿಶ್ವವಿದ್ಯಾಲಯದ ಲಿವಿಂಗ್ ವೇಜ್ ಕ್ಯಾಲ್ಕುಲೇಟರ್ ಇದಕ್ಕೆ ಕೈಗೆ ಸಿಗುವ ಒಳ್ಳೆಯ ಸಾಧನ. ಪ್ರತಿ ಕೌಂಟಿಯಲ್ಲೂ ಬದುಕಲು ಗಂಟೆಗೆ ಎಷ್ಟು ಬೇಕು, ಯಾವ ಕೆಲಸಕ್ಕೆ ಎಷ್ಟು ಸಿಗುತ್ತದೆ ಎಂದು ಅದು ಅಕ್ಕಪಕ್ಕ ತೋರಿಸುತ್ತದೆ.

2020ರ ನಂತರ ಮನೆಯಿಂದಲೇ ಕೆಲಸ ಮಾಡುವವರು ನಗರದ ಸಂಬಳ ಹೊತ್ತು ಹಳ್ಳಿಗೆ ಬಂದರು. ಅವರ ಲೆಕ್ಕ ಚೆನ್ನಾಗಿ ಕೂತಿತು. ಆದರೆ ಬೆಟ್ಟ, ಕೆರೆ ಇರುವ ಚಂದದ ಕೌಂಟಿಗಳಲ್ಲಿ ಮನೆ ಬೆಲೆ ಅಲ್ಲಿನ ಕೂಲಿಗಾರರ ಕೈ ಮೀರಿ ಹೋಯಿತು. ಇದು ಪೂರ್ತಿ ಹೊಸದೇನಲ್ಲ. ವಯೋಮಿಂಗ್‌ನ ಟೀಟನ್ ಕೌಂಟಿ ಇದನ್ನು ಎಷ್ಟೋ ಮೊದಲೇ ಕಂಡಿದೆ. ದೇಶದಲ್ಲೇ ಅತಿ ಹೆಚ್ಚು ತಲಾ ಆದಾಯದ ಕೌಂಟಿ ಅದು. ಅಲ್ಲಿನ ಹೋಟೆಲು, ಆಸ್ಪತ್ರೆ, ಶಾಲೆಗಳಲ್ಲಿ ದುಡಿಯುವ ಬಹಳ ಜನ ಬೆಟ್ಟದ ಆಚೆ, ಐಡಾಹೊದಲ್ಲಿ ಮನೆ ಮಾಡಿದ್ದಾರೆ. ದಿನಾ ಟೀಟನ್ ಕಣಿವೆದಾರಿ ಹತ್ತಿ ಇಳಿದು ಬರುತ್ತಾರೆ. 2024ರ ಜೂನ್ 8ರಂದು ಆ ರಸ್ತೆಯ ಒಂದು ತುಂಡು ಕುಸಿದು ಪ್ರಪಾತಕ್ಕೆ ಜಾರಿತು. ಸುಮಾರು ಮೂರು ವಾರ, ತಾತ್ಕಾಲಿಕ ದಾರಿ ತೆರೆಯುವವರೆಗೆ, ಅವರು ಒಂದು ಗಂಟೆಗೂ ಹೆಚ್ಚು ಸುತ್ತುಹಾಕಿಕೊಂಡು ಕೆಲಸಕ್ಕೆ ಹೋದರು. ಸಂಜೆ ಅಷ್ಟೇ ದೂರ ಸುತ್ತಿಕೊಂಡು ಮನೆಗೆ ಬಂದರು.